ಒಣ ಮುಖಕ್ಕೆ ಹಣ್ಣಿನ ಲೇಪ: ಹೊಸಬರಿಗೆ ಮೊದಲ ಪಾಠ

ದೀಪಾವಳಿ ಕಳೆದು ಬೆಳಗಿನ ಗಾಳಿಗೆ ಚಳಿ ಹತ್ತಿದ ಮೇಲೆ, ಶಿವರಾತ್ರಿ ಮುಗಿಯುವವರೆಗೂ ನಮ್ಮ ಮಂಡ್ಯ ಸೀಮೆಯಲ್ಲಿ ಮುಖ ಒಣಗದವರು ಕಡಿಮೆ. ಮುಖ ತೊಳೆದು ಒರೆಸಿಕೊಂಡ ಐದು ನಿಮಿಷಕ್ಕೇ ಕೆನ್ನೆ ಬಿಗಿಯುತ್ತದೆ, ಬಾಯಿಯ ಅಂಚಿನಲ್ಲಿ ಬಿಳಿ ಹೊಟ್ಟು ಏಳುತ್ತದೆ, ನಕ್ಕರೆ ಚರ್ಮ ಎಳೆದಂತಾಗುತ್ತದೆ. ಇದುವರೆಗೆ ಮುಖಕ್ಕೆ ಏನನ್ನೂ ಹಚ್ಚಿ ಅಭ್ಯಾಸವಿಲ್ಲದವರಿಗೆ, ಯಾರೋ ಹೇಳಿದ್ದನ್ನು ಹಚ್ಚಿ ಉರಿ ತಂದುಕೊಂಡವರಿಗೆ ಈ ಪಾಠ. ಇದಕ್ಕೆ ಬೇಕಾದದ್ದೆಲ್ಲ ಅಡುಗೆಮನೆಯಲ್ಲೇ ಇದೆ. ಖರ್ಚು ಒಂದು ಬಾಳೆಹಣ್ಣಿನದು.

ಹಣ್ಣಿಗೆ ಕೈಹಾಕುವ ಮೊದಲು ನಿಮ್ಮ ಬಚ್ಚಲಿನ ನೀರನ್ನು ನೋಡಿಕೊಳ್ಳಿ. ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ಕಾವೇರಿ ಇದೆ, ಕೆ.ಆರ್.ಪೇಟೆಯ ಒಂದಷ್ಟು ಭಾಗಕ್ಕೆ ಹೇಮಾವತಿ ನಾಲೆ ಇದೆ. ನಾಲೆಯಿಂದ ದೂರವಿರುವ ಊರುಗಳಲ್ಲಿ, ಮುಖ್ಯವಾಗಿ ನಾಗಮಂಗಲದ ಬಯಲಿನಲ್ಲಿ, ಬೋರ್‌ವೆಲ್ ನೀರೇ ಗತಿ. ಆ ನೀರು ಎಷ್ಟೋ ಕಡೆ ಗಡಸು. ಸೋಪು ಉಜ್ಜಿದಷ್ಟೂ ನೊರೆ ಬರುವುದಿಲ್ಲ, ಬೇಳೆ ಬೇಗ ಬೇಯುವುದಿಲ್ಲ, ಹಂಡೆಯ ಒಳಗೆ ಬಿಳಿ ಪದರ ಕಟ್ಟುತ್ತದೆ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸೋಪಿನ ಜೊತೆ ಸೇರಿ ಮಡ್ಡಿಯಾಗಿ ಚರ್ಮದ ಮೇಲೆ ಉಳಿಯುತ್ತವೆ. ನೊರೆ ಬರಲಿಲ್ಲವೆಂದು ಇನ್ನೂ ಒಂದು ಸುತ್ತು ಸೋಪು ಹಾಕುತ್ತೇವೆ. ನಮ್ಮ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯ, ಪಿಎಚ್ ಸುಮಾರು 5. ಸಾಮಾನ್ಯ ಸೋಪಿನದು 9ರಿಂದ 10. ದಿನಕ್ಕೆ ಮೂರು ಸಲ ಮುಖಕ್ಕೆ ಸೋಪು ಹಾಕುವವರು ಯಾವ ಹಣ್ಣು ಹಚ್ಚಿದರೂ ಫಲ ಕಾಣುವುದಿಲ್ಲ. ಮುಖಕ್ಕೆ ದಿನಕ್ಕೆ ಒಂದೇ ಸಲ ಸೋಪು, ಅದೂ ಸಂಜೆ. ಉಳಿದ ಹೊತ್ತು ಬರಿಯ ಉಗುರುಬೆಚ್ಚಗಿನ ನೀರು. ಹಂಡೆಯ ಸುಡುನೀರು ಮುಖಕ್ಕೆ ಬೇಡವೇ ಬೇಡ. ಆಲೆಮನೆಯಲ್ಲಿ ಕೊಪ್ಪರಿಗೆಯ ಉರಿಯ ಮುಂದೆ ನಿಲ್ಲುವವರು, ಸೌದೆ ಒಲೆಯಲ್ಲಿ ಅಡುಗೆ ಮಾಡುವವರು ಈ ಮಾತನ್ನು ಇನ್ನೂ ಗಟ್ಟಿಯಾಗಿ ಹಿಡಿಯಬೇಕು.

ಇನ್ನು ಚರ್ಮ ಒಣಗುವುದೆಂದರೆ ಏನು? ಚರ್ಮದ ಎಲ್ಲಕ್ಕಿಂತ ಮೇಲಿನ ಪದರದಲ್ಲಿ ಸತ್ತ ಕೋಶಗಳು ಒತ್ತೊತ್ತಾಗಿ ಕೂತಿರುತ್ತವೆ. ಅವುಗಳ ಸಂದಿಯಲ್ಲಿ ಕೊಬ್ಬಿನ ತೆಳು ಪಸೆ ಇರುತ್ತದೆ. ಒಳಗಿನ ನೀರು ಹಾರಿಹೋಗದಂತೆ ತಡೆಯುವುದು ಆ ಪಸೆಯೇ. ಸೋಪು, ಬಿಸಿನೀರು, ಒಣಗಾಳಿ ಆ ಪಸೆಯನ್ನು ಕಳೆಯುತ್ತವೆ. ವಯಸ್ಸಾದಂತೆ ಅದು ತಾನಾಗಿಯೂ ಕಡಿಮೆಯಾಗುತ್ತದೆ. ಹಾಗಾಗಿ ಒಣ ಮುಖಕ್ಕೆ ಮಾಡಬೇಕಾದ ಕೆಲಸ ಎರಡೇ: ನೀರು ಕೊಡುವುದು, ಕೊಟ್ಟ ನೀರು ಹೋಗದಂತೆ ಮೇಲೆ ಜಿಡ್ಡಿನ ಪೊರೆ ಹಾಕುವುದು. ಗದ್ದೆಗೆ ನೀರು ಹಾಯಿಸಿ ಬದು ಕಟ್ಟದೆ ಮನೆಗೆ ಬಂದರೆ ಏನಾಗುತ್ತದೆಂದು ಈ ಸೀಮೆಯವರಿಗೆ ಹೇಳಿಕೊಡಬೇಕಿಲ್ಲ. ಹಣ್ಣಿನ ಲೇಪ ಹಾಕಿ ತೊಳೆದು ಸುಮ್ಮನಾಗುವುದೂ ಅದೇ ಕೆಲಸ.

ಹಣ್ಣಿನ ವಿಟಮಿನ್ನು ಚರ್ಮದ ಆಳಕ್ಕೆ ಇಳಿದು ಮುಖವನ್ನು ಬೆಳ್ಳಗೆ ಮಾಡುತ್ತದೆ ಎಂಬ ಮಾತನ್ನು ನಂಬಬೇಡಿ. ನಾನು ಹಾಗೆ ಕಲಿಸುವುದಿಲ್ಲ. ಮುಖ ಬೆಳ್ಳಗಾಗಬೇಕಾದ ಅಗತ್ಯವೂ ಇಲ್ಲ. ಹಣ್ಣಿನಿಂದ ನಮಗೆ ಸಿಗುವುದು ನೀರು, ನೀರನ್ನು ಹಿಡಿದಿಡುವ ಸಕ್ಕರೆ, ಮತ್ತು ಕೆನೆ–ಜೇನನ್ನು ಮುಖದ ಮೇಲೆ ಜಾರದಂತೆ ನಿಲ್ಲಿಸುವ ಮೆತ್ತನೆಯ ತಿರುಳು. ಇಷ್ಟು ಸಾಕು, ಇದು ಸಣ್ಣ ಉಪಕಾರವಲ್ಲ.

ಹೊಸಬರು ಬಾಳೆಹಣ್ಣಿನಿಂದ ಶುರುಮಾಡಿ. ಪಚ್ಚಬಾಳೆ ಆದರೆ ಅರ್ಧ, ಏಲಕ್ಕಿ ಬಾಳೆ ಆದರೆ ಒಂದು. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಿದ್ದು, ಹಿಡಿದರೆ ಬೆರಳು ಒಳಗೆ ಹೋಗುವಂಥ ಹಣ್ಣು ಒಳ್ಳೆಯದು. ಅಷ್ಟು ಮಾಗಿದ ಹೊತ್ತಿಗೆ ಅದರ ಪಿಷ್ಟ ಬಹುಪಾಲು ಸಕ್ಕರೆಯಾಗಿರುತ್ತದೆ, ತಿರುಳು ನುಣ್ಣಗಾಗುತ್ತದೆ. ಅಂಗಡಿಯವರು ಹಿಂದೆ ಎತ್ತಿಟ್ಟಿರುವ ಹಣ್ಣನ್ನೇ ಕೇಳಿ ತನ್ನಿ. ಹೊರಗೆ ಒಂದೇ ಸಮ ಹಳದಿಯಾಗಿದ್ದು ಒಳಗೆ ಗಟ್ಟಿ ಇರುವ ಹಣ್ಣನ್ನು ಬಿಟ್ಟುಬಿಡಿ. ಕಾರ್ಬೈಡ್ ಹಾಕಿ ಹಣ್ಣು ಮಾಡುವುದನ್ನು ಕಾನೂನು ನಿಷೇಧಿಸಿದೆ, ಆದರೂ ಆ ಕೆಲಸ ನಡೆಯುತ್ತದೆ. ಯಾವ ಹಣ್ಣನ್ನಾದರೂ ಸಿಪ್ಪೆ ತೊಳೆದೇ ಸುಲಿಯಿರಿ.

ಒಂದು ಪುಟ್ಟ ಬಟ್ಟಲಿಗೆ ಹಣ್ಣನ್ನು ಹಾಕಿ ಚಮಚದ ಬೆನ್ನಿನಿಂದ ಒತ್ತುತ್ತಾ ಹೋಗಿ. ಮೊದಲು ತುಂಡುತುಂಡಾಗಿರುತ್ತದೆ, ಆಮೇಲೆ ಅಂಟಂಟಾಗುತ್ತದೆ, ಕೊನೆಗೆ ಹೊಳಪು ಬರುತ್ತದೆ. ಹೊಳಪು ಬಂದ ಮೇಲೂ ಗಂಟು ಉಳಿದಿರುತ್ತದೆ. ಆದ್ದರಿಂದ ಟೀ ಸೋಸುವ ಜಾಲರಿಯ ಮೇಲೆ ಹಾಕಿ ಒತ್ತಿ ಇಳಿಸಿ. ಜಾಲರಿಯ ಮೇಲೆ ನಾರು ಮತ್ತು ಸಣ್ಣ ಕಪ್ಪು ಬೀಜದ ಗೆರೆ ನಿಲ್ಲುತ್ತವೆ. ಇದನ್ನು ತಪ್ಪಿಸಿದರೆ ಆ ಗಂಟುಗಳು ಹುಬ್ಬಿನಲ್ಲಿ, ಹಣೆಯ ಮೇಲಿನ ಕೂದಲಿನಲ್ಲಿ ಸಿಕ್ಕಿ ಒಣಗಿ ಬಿಡಿಸಲಾಗದೆ ಕೂರುತ್ತವೆ. ಈಗ ಒಂದು ಟೀ ಚಮಚ ಹಾಲಿನ ಕೆನೆ ಸೇರಿಸಿ. ಡೇರಿಗೆ ಹಾಕಿ ಮಿಕ್ಕ ಮನೆಹಾಲಾಗಲಿ, ಪಾಕೆಟ್ ಹಾಲಾಗಲಿ, ಚೆನ್ನಾಗಿ ಕಾಯಿಸಿ ಆರಿಸಿದಾಗ ಮೇಲೆ ನಿಲ್ಲುವ ಕೆನೆಯೇ ಬೇಕು. ಬಿರಿದ ಚರ್ಮಕ್ಕೆ ಹಸಿ ಹಾಲು ಬೇಡ. ಮೇಲೆ ಅರ್ಧ ಟೀ ಚಮಚ ಜೇನುತುಪ್ಪ, ನಾಲ್ಕೈದು ಹನಿ ಕೊಬ್ಬರಿ ಎಣ್ಣೆ. ಕಲಸಿದ ಮೇಲೆ ಚಮಚ ಓರೆ ಮಾಡಿದರೆ ನಿಧಾನಕ್ಕೆ ಜಾರಬೇಕು. ತೊಟ್ಟಿಕ್ಕಿದರೆ ಹಣ್ಣು ಸ್ವಲ್ಪ ಹೆಚ್ಚಿಸಿ.

ಮೊದಲ ಸಲ ಇದನ್ನು ನೇರವಾಗಿ ಮುಖಕ್ಕೆ ಹಚ್ಚಬೇಡಿ. ಮೊಣಕೈ ಮಡಿಕೆಯ ಒಳಭಾಗಕ್ಕೆ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆದು, ಎರಡು ದಿನ ನೋಡಿ. ತುರಿಕೆ, ಕೆಂಪು, ದದ್ದು ಏನೂ ಇಲ್ಲದಿದ್ದರೆ ಮಾತ್ರ ಮುಂದುವರಿಯಿರಿ. ರಬ್ಬರ್ ಗ್ಲೌಸ್ ಹಾಕಿದರೆ ಅಥವಾ ಬಲೂನು ಊದಿದರೆ ತುರಿಕೆ ಬರುವವರಿಗೆ ಬಾಳೆ, ಪರಂಗಿ, ಬೆಣ್ಣೆಹಣ್ಣು ಆಗದೇ ಹೋಗಬಹುದು. ರಬ್ಬರಿನಲ್ಲಿರುವ ಕೆಲವು ಪ್ರೋಟೀನುಗಳನ್ನು ಹೋಲುವಂಥವು ಈ ಹಣ್ಣುಗಳಲ್ಲೂ ಇವೆ. ಅಂಥವರು ಈ ಲೇಪದ ತಂಟೆಗೆ ಹೋಗದಿರುವುದೇ ಕ್ಷೇಮ.

ಹಚ್ಚುವಾಗ ಕೂದಲನ್ನು ಹಿಂದಕ್ಕೆ ಕಟ್ಟಿ, ಮುಖವನ್ನು ನೀರಿನಲ್ಲಿ ಒದ್ದೆ ಮಾಡಿ, ಒರೆಸದೆ ಹಚ್ಚಿ. ಕಣ್ಣಿನ ಸುತ್ತ ಒಂದು ಬೆರಳಷ್ಟು ಜಾಗ ಬಿಡಿ. ಉಜ್ಜಬೇಡಿ, ಸವರಿ ಕೂರಿಸಿ. ಹತ್ತರಿಂದ ಹನ್ನೆರಡು ನಿಮಿಷ ಸಾಕು. ಹೊಸಬರು ಎಡವುವುದು ಇಲ್ಲೇ: ಲೇಪ ಪೂರ್ತಿ ಒಣಗಿ ಬಿರುಕು ಬಿಡುವವರೆಗೆ ಕಾಯುತ್ತಾರೆ. ಎಣ್ಣೆ ಮುಖದವರು ಕಡಲೆಹಿಟ್ಟು, ಮುಲ್ತಾನಿ ಮಿಟ್ಟಿ ಹಾಕಿಕೊಂಡು ಕಾಯುವುದನ್ನು ನೋಡಿ ಬಂದ ರೂಢಿ ಅದು. ಒಣ ಮುಖದ ಮೇಲೆ ಲೇಪ ಒಣಗಿ ಬಿಗಿದರೆ ಚರ್ಮದ ತೇವವೂ ಹೋಗುತ್ತದೆ, ಕೀಳುವಾಗ ಚರ್ಮವೂ ಕೆರೆದುಹೋಗುತ್ತದೆ. ಅಂಚು ಒಣಗತೊಡಗಿದ್ದು ಕಂಡ ಕೂಡಲೇ ಒದ್ದೆ ಕೈ ಆಡಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದುಬಿಡಿ. ಸೋಪು ಹಾಕಬೇಡಿ. ಇದೇ ಕಾರಣಕ್ಕೆ ಒಣ ಮುಖದ ಲೇಪಕ್ಕೆ ಕಡಲೆಹಿಟ್ಟನ್ನೂ ಸಕ್ಕರೆ ಹರಳನ್ನೂ ನಾನು ಸೇರಿಸುವುದಿಲ್ಲ.

ತೊಳೆದ ಮೇಲಿನ ಮೂರು ನಿಮಿಷ ಈ ಪಾಠದಲ್ಲೆಲ್ಲ ಮುಖ್ಯವಾದ ಭಾಗ. ಹತ್ತಿ ಬಟ್ಟೆಯಿಂದ ಒತ್ತಿ ನೀರು ತೆಗೆಯಿರಿ, ಮುಖ ಇನ್ನೂ ಒದ್ದೆ ಒದ್ದೆಯಾಗಿರುವಾಗಲೇ ಅಂಗೈಯಲ್ಲಿ ಮೂರು ನಾಲ್ಕು ಹನಿ ಕೊಬ್ಬರಿ ಎಣ್ಣೆ ಹರಡಿಕೊಂಡು ಒತ್ತಿ. ತೆಂಗು ಬೆಳೆಯುವ ನಾಗಮಂಗಲ, ಕೆ.ಆರ್.ಪೇಟೆ ಕಡೆಯವರಿಗೆ ಎಣ್ಣೆಗೆ ಬರವಿಲ್ಲ. ಫಿಲಿಪ್ಪೀನ್ಸ್‌ನ ವೈದ್ಯರು 2004ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಒಣ ಚರ್ಮಕ್ಕೆ ಕೊಬ್ಬರಿ ಎಣ್ಣೆ ಮಿನರಲ್ ಆಯಿಲ್‌ನಷ್ಟೇ ಕೆಲಸ ಮಾಡಿತು. ಮೊಡವೆ ಏಳುವ ಮುಖದವರಿಗೆ ಮಾತ್ರ ಈ ಎಣ್ಣೆ ರಂಧ್ರ ಕಟ್ಟಬಹುದು. ಅವರು ಗ್ಲಿಸರಿನ್‌ಗೆ ಎರಡು ಪಾಲು ನೀರು ಬೆರೆಸಿ ಹಚ್ಚಲಿ, ಅಥವಾ ವಾಸನೆಯಿಲ್ಲದ ಸಾದಾ ಮಾಯಿಶ್ಚರೈಸರ್ ಬಳಸಲಿ. ಲೇಪ ವಾರಕ್ಕೆ ಒಂದು ಅಥವಾ ಎರಡು ಸಲ ಸಾಕು. ಎಣ್ಣೆಯೋ ಗ್ಲಿಸರಿನ್ನೋ ದಿನವೂ ಬೇಕು. ಎರಡರಲ್ಲಿ ಒಂದೇ ಆಗುವುದಾದರೆ ಲೇಪ ಬಿಡಿ, ದಿನದ ಎಣ್ಣೆ ಬಿಡಬೇಡಿ.

ಕೈ ಪಳಗಿದ ಮೇಲೆ ಪರಂಗಿ ಹಣ್ಣು ನೋಡಬಹುದು: ಚೆನ್ನಾಗಿ ಕಳಿತ ಹಣ್ಣಿನ ತಿರುಳು ಎರಡು ಚಮಚ, ಕೆನೆ ಒಂದು ಚಮಚ, ಐದೇ ನಿಮಿಷ. ಕಾಯಿ ಪರಂಗಿ ಬೇಡ, ಅದರ ಹಾಲಿನಲ್ಲಿರುವ ಪಪೈನ್ ಮಾಂಸವನ್ನೇ ಮೆತ್ತಗಾಗಿಸುವ ಕಿಣ್ವ. ಮಳೆಗಾಲದ ಹೊತ್ತಿಗೆ ಕೊಡಗಿನಿಂದ ಬರುವ ಬೆಣ್ಣೆಹಣ್ಣಿನಲ್ಲಿ ಕೊಬ್ಬು ಶೇಕಡಾ 15ರ ಆಸುಪಾಸು ಇರುವುದರಿಂದ ಅದಕ್ಕೆ ಕೆನೆಯೂ ಬೇಡ.

ನಿಂಬೆಹಣ್ಣಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ಅದರ ರಸದ ಪಿಎಚ್ 2ರ ಹತ್ತಿರ, ಒಣ ಮುಖಕ್ಕೆ ಬರಿಯ ಉರಿ. ಅದಕ್ಕಿಂತ ದೊಡ್ಡ ಅಪಾಯ ಬಿಸಿಲಿನಲ್ಲಿದೆ. ನಿಂಬೆಯಲ್ಲಿರುವ ಫ್ಯುರಾನೊಕುಮರಿನ್ ಎಂಬ ರಾಸಾಯನಿಕಗಳು ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಸುಟ್ಟ ಗಾಯದಂತೆ ಬೊಬ್ಬೆ ಬರಬಹುದು, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಬೆಳಿಗ್ಗೆ ನಿಂಬೆ ಹಚ್ಚಿ ಆಮೇಲೆ ಕಳೆ ಕೀಳಲು ಹೊಲಕ್ಕೆ ಹೋಗುವ ಹೆಣ್ಣುಮಕ್ಕಳನ್ನು ನೆನೆದೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಅಂಜೂರದ ಗಿಡದಲ್ಲೂ ಇದೇ ಬಗೆಯ ರಾಸಾಯನಿಕಗಳಿವೆ. ಶ್ರೀರಂಗಪಟ್ಟಣದ ಗಂಜಾಂ ಅಂಜೂರಕ್ಕೆ ಹಿಂದಿನಿಂದ ಹೆಸರಾದ ಜಾಗ. ಅಲ್ಲಿಯ ಹಣ್ಣನ್ನು ಹೊಟ್ಟೆತುಂಬ ತಿನ್ನಿ, ಅದರ ಎಲೆ ಮತ್ತು ತೊಟ್ಟಿನ ಹಾಲು ಮಾತ್ರ ಮುಖಕ್ಕೆ ತಾಗದಿರಲಿ.

ಕಲಸಿದ ಲೇಪವನ್ನು ನಾಳೆಗೆ ಎತ್ತಿಡಬೇಡಿ, ಫ್ರಿಜ್ಜಿನಲ್ಲೂ ಬೇಡ. ಕೆನೆ, ಹಣ್ಣು, ಸಕ್ಕರೆ ಸೇರಿದ ಕಡೆ ಸೂಕ್ಷ್ಮಜೀವಿಗಳು ಬೇಗ ಬೆಳೆಯುತ್ತವೆ. ಒಂದು ವರ್ಷದೊಳಗಿನ ಮಕ್ಕಳಿಗೆ ಜೇನು ಸೇರಿದ ಯಾವುದನ್ನೂ ಹಚ್ಚಬೇಡಿ. ಜೇನು ಅವರ ಬಾಯಿಗೆ ಹೋದರೆ ಬಾಟ್ಯುಲಿಸಂ ಎಂಬ ಗಂಭೀರ ಕಾಯಿಲೆ ಬರುವ ಸಾಧ್ಯತೆ ಇದೆ.

ಎರಡು ಮೂರು ವಾರ ಹೀಗೆ ನೋಡಿಕೊಂಡರೂ ಮುಖ ಬಿರಿಯುತ್ತಲೇ ಇದ್ದರೆ, ರಕ್ತ ಒಸರಿದರೆ, ಉಂಗುರದಂತೆ ಕೆಂಪಾಗಿ ತುರಿಸಿದರೆ ಅದು ಹಣ್ಣಿನಿಂದ ಹೋಗುವ ಒಣತನವಲ್ಲ. ಥೈರಾಯ್ಡ್ ಕಡಿಮೆಯಿದ್ದರೂ ಸಕ್ಕರೆ ಕಾಯಿಲೆಯಿದ್ದರೂ ಚರ್ಮ ಒಣಗುತ್ತದೆ. ಆಗ ಮೆಡಿಕಲ್ ಶಾಪಿನಲ್ಲಿ ಕೇಳಿ ಟ್ಯೂಬು ತಂದು ಹಚ್ಚಬೇಡಿ. ಎಷ್ಟೋ ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ, ಮೊದಲ ವಾರ ಮುಖ ಹೊಳೆದು ಆಮೇಲೆ ಚರ್ಮ ತೆಳುವಾಗುತ್ತದೆ. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆಯಲ್ಲಿ ಚರ್ಮದ ವೈದ್ಯರಿದ್ದಾರೆ. ಹೋಗುವಾಗ ಅದುವರೆಗೆ ಮುಖಕ್ಕೆ ಏನೇನು ಹಚ್ಚಿದ್ದಿರೋ ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ, ಬಾಳೆಹಣ್ಣನ್ನೂ ಸೇರಿಸಿ.