ಯಳಂದೂರು ಜಹಗೀರು: ಎರಡು ಪ್ರಶ್ನೆ, ಉತ್ತರ

ಪ್ರಶ್ನೆ: ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವಾಗ ಯಳಂದೂರಿನಲ್ಲಿ ಇಳಿದು ಬಳೆಮಂಟಪ ನೋಡಿದೆವು. ಜಹಗೀರದಾರರು ಕಟ್ಟಿಸಿದ್ದು ಎಂದರು. ನಿಜವೇ? ಮೈಸೂರು ಅರಸರ ನಾಡಿನೊಳಗೇ ಈ ಊರು ಬೇರೆಯವರ ಪಾಲಾದದ್ದು ಹೇಗೆ?
– ಓದುಗರು, ನಂಜನಗೂಡು

ಉತ್ತರ: ನಿಜವಲ್ಲ. ಬಳೆಮಂಟಪವೆಂದರೆ ಗೌರೀಶ್ವರ ದೇವಾಲಯದ ಮಹಾದ್ವಾರ. 17ನೆಯ ಶತಮಾನದ ನಡುವಿನಲ್ಲಿ ಹದಿನಾಡಿನ ಪ್ರಭು ಮುದ್ದರಾಜ ಕಟ್ಟಿಸಿದ್ದು. ಜಹಗೀರಿಗಿಂತ ಸುಮಾರು ಒಂದೂವರೆ ಶತಮಾನ ಹಳೆಯದು. ಚಿಕ್ಕದೇವರಾಜ ಒಡೆಯರ ಅರಸಿ ದೇವಾಜಮ್ಮಣ್ಣಿ ಈ ಊರಿನ ಮನೆಮಗಳು. ಆ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದು ‘ಹದಿಬದೆಯ ಧರ್ಮ’ ಬರೆದ ಹೊನ್ನಮ್ಮನೂ ಯಳಂದೂರಿನವಳೇ. ಇಂಥ ಊರಿನ ಚರಿತ್ರೆಯನ್ನು ಜಹಗೀರಿನಿಂದ ಶುರುಮಾಡುವ ರೂಢಿಯನ್ನು ನಾನು ಒಪ್ಪುವುದಿಲ್ಲ.

ಜಹಗೀರು ಬಂದದ್ದು 1807ರಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮುಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ಎಳೆಯರು. ರಾಜ್ಯಭಾರವನ್ನು ಹೊತ್ತವರು ದಿವಾನ್ ಪೂರ್ಣಯ್ಯ. ಹೈದರ್, ಟಿಪ್ಪು ಕಾಲದಿಂದಲೂ ಕಂದಾಯದ ಲೆಕ್ಕಪತ್ರಗಳನ್ನು ಅರೆದು ಕುಡಿದವರು. ಅವರ ಸೇವೆಗಾಗಿ ಯಳಂದೂರನ್ನು ವಂಶಪಾರಂಪರ್ಯವಾಗಿ ಅನುಭವಿಸುವಂತೆ ಸನ್ನದು ಸಿಕ್ಕಿತು. ಜಹಗೀರೆಂದರೆ ನಾಲ್ಕು ತೋಟ, ಹತ್ತು ಗದ್ದೆಗಳ ಒಡೆತನವಷ್ಟೇ ಅಲ್ಲ. ಹಳ್ಳಿಹಳ್ಳಿಗಳಿಂದ ಸರ್ಕಾರಕ್ಕೆ ಸಲ್ಲಬೇಕಾದ ಕಂದಾಯವೇ ಜಹಗೀರದಾರರಿಗೆ ಸಲ್ಲುವ ಏರ್ಪಾಡು. ಸುವರ್ಣಾವತಿ ಹೊಳೆಯ ನೀರು ಹಾಯುವ ಗದ್ದೆಬಯಲು ಇದು. ಆ ನೀರು, ಅಲ್ಲಿ ಬೆನ್ನು ಬಗ್ಗಿಸಿದವರ ದುಡಿಮೆ, ಇವೆರಡೂ ಇರದಿದ್ದರೆ ಸನ್ನದಿಗೆ ಏನು ಬೆಲೆಯಿತ್ತು?

ಪೂರ್ಣಯ್ಯನವರ ವಂಶದ ಸರ್ ಪಿ.ಎನ್. ಕೃಷ್ಣಮೂರ್ತಿ 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದರು.

ಪ್ರಶ್ನೆ: ನಮ್ಮ ತಾತ ಗೇಣಿಗೆ ಉಳುತ್ತಿದ್ದುದು ಇನಾಂ ಜಮೀನಂತೆ. ಈಗ ಪಹಣಿಯಲ್ಲಿ ನಮ್ಮ ಹೆಸರಿದೆ. ಇದು ಹೇಗಾಯಿತು? ಹಳೇ ಕಾಗದ ಎಲ್ಲಿ ಹುಡುಕಲಿ?
– ಓದುಗರು, ಸಂತೇಮರಹಳ್ಳಿ

ಉತ್ತರ: ಎರಡು ದಾರಿಗಳಲ್ಲಿ ಒಂದರಿಂದ ಬಂದಿರಬೇಕು. 1954ರ ಇನಾಂ ರದ್ದತಿ ಕಾಯ್ದೆಯ ಪ್ರಕಾರ ಇನಾಂ ಜಮೀನು, ಅಂದರೆ ಜಹಗೀರಿನಂತೆ ಕೊಡುಗೆಯಾಗಿ ಬಿಟ್ಟ ಜಮೀನು, ಸರ್ಕಾರದ ವಶವಾಗಿ, ಅರ್ಹ ಗೇಣಿದಾರರು ಅದನ್ನು ತಮ್ಮ ಹೆಸರಿಗೆ ನೋಂದಾಯಿಸಿಕೊಳ್ಳಬಹುದಾಗಿತ್ತು. ಆಗ ತಪ್ಪಿಹೋದವರಿಗೆ ಮುಖ್ಯಮಂತ್ರಿ ದೇವರಾಜ ಅರಸರ ಕಾಲದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ನೆರವಾಯಿತು: 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರಕ್ಕೆ ಸೇರಿತು, ಗೇಣಿದಾರರು ನಮೂನೆ 7ರಲ್ಲಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿದರು.

ಮೊದಲು ಮನೆಯ ಟ್ರಂಕು ತೆಗೆಯಿರಿ. ಗೇಣಿ ರಸೀದಿ, ಕಂದಾಯದ ರಸೀದಿ ಹರಿದಿದ್ದರೂ ಎಸೆಯಬೇಡಿ. ಸರ್ವೆ ನಂಬರು ಹಿಡಿದು ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ ಹಳೆಯ ಪಹಣಿ, ಮ್ಯುಟೇಶನ್, ನ್ಯಾಯಮಂಡಳಿಯ ಆದೇಶಗಳ ದೃಢೀಕೃತ ನಕಲು ಕೇಳಿ. ಜಹಗೀರಿನ ಆಡಳಿತದ ಬಗ್ಗೆ ತಿಳಿಯಬೇಕಿದ್ದರೆ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸರ್ಕಾರದ ಕಡತಗಳಿವೆ.

ಇನ್ನೊಂದು ಕೆಲಸವನ್ನೂ ಮಾಡಿ. ರಸೀದಿಯಿಲ್ಲದೆ ಬರೀ ಕೂಲಿಗೆ ದುಡಿದವರಿಗೆ ಈ ಎರಡು ದಾರಿಗಳಿಂದ ಭೂಮಿ ಸಿಗಲಿಲ್ಲ. ಅವರ ಹೆಸರು ಕಡತಗಳಲ್ಲೂ ಸಿಗುವುದು ಕಷ್ಟ. ನಿಮ್ಮ ತಾತನ ಗದ್ದೆಯಲ್ಲಿ ನಾಟಿ ಹಾಕಿದವರು, ಕುಯ್ಲು ಮಾಡಿದವರು ಯಾರೆಂದು ಹಿರಿಯರನ್ನು ಕೇಳಿ ಈಗಲೇ ಬರೆದಿಟ್ಟುಕೊಳ್ಳಿ.