ಇಬ್ಬರೂ ಹಿಂದೆ ನಿಂತರೆ ಮುಂದೆ ಯಾರು?

ನೀವು ಒಮ್ಮೆಯೂ ಬ್ಯಾಡ್ಮಿಂಟನ್ ಆಡಿಲ್ಲವೇ? ಚಿಂತೆ ಬೇಡ. ಮೊದಲು ಅಂಕಣವನ್ನು ಕಣ್ಣ ಮುಂದೆ ತಂದುಕೊಳ್ಳಿ: 13.4 ಮೀಟರ್ ಉದ್ದ, 6.1 ಮೀಟರ್ ಅಗಲ, ನಡುವೆ ನೆಟ್. ಡಬಲ್ಸ್ ಎಂದರೆ ಒಂದೊಂದು ಬದಿಗೆ ಇಬ್ಬರು ಆಡುವ ಆಟ. ದಾಳಿಗೆ ಇಳಿದಾಗ ಆ ಇಬ್ಬರು ಅಕ್ಕಪಕ್ಕ ನಿಲ್ಲದೆ, ಒಬ್ಬರ ಹಿಂದೊಬ್ಬರು ನಿಲ್ಲುತ್ತಾರೆ. ಹಿಂದಿರುವವರು ಜಿಗಿದು ಶಟಲನ್ನು ಮೇಲಿನಿಂದ ಕೆಳಕ್ಕೆ ಬಲವಾಗಿ ಹೊಡೆಯುತ್ತಾರೆ, ಅದೇ ಸ್ಮ್ಯಾಶ್. ಎದುರಾಳಿ ಅದನ್ನು ಹೇಗೋ ಎತ್ತಿ ಕಳಿಸಿದರೆ, ನೆಟ್ ಬಳಿ ಕಾದಿರುವವರು ಅಲ್ಲಿಯೇ ತಡೆದು ಮುಗಿಸುತ್ತಾರೆ. ಚಪ್ಪಾಳೆ ಹೆಚ್ಚಾಗಿ ಸ್ಮ್ಯಾಶ್‌ಗೇ ಬೀಳುತ್ತದೆ. ಹಾಗಾಗಿ ಮಕ್ಕಳಿಗೆ ಹಿಂದೆ ನಿಲ್ಲುವ ಆಸೆ; ಮುಂದೆ ನಿಲ್ಲಿಸಿದರೂ ಅವರ ಕಾಲು ತಾನಾಗಿ ಹಿಂದಕ್ಕೆ ಸರಿಯುತ್ತದೆ.

ಇಷ್ಟು ತಿಳಿದ ಮೇಲೆ ಹೈದರಾಬಾದಿನ ಗಚ್ಚಿಬೌಲಿಗೆ ಬನ್ನಿ. ಅಲ್ಲಿ ಪುಲ್ಲೇಲ ಗೋಪಿಚಂದರ ಅಕಾಡೆಮಿ ಇದೆ. ನಮ್ಮ ಪ್ರಕಾಶ್ ಪಡುಕೋಣೆಯವರ ನಂತರ, 2001ರಲ್ಲಿ, ಆಲ್ ಇಂಗ್ಲೆಂಡ್ ಪಂದ್ಯಾವಳಿ ಗೆದ್ದ ಗೋಪಿಚಂದ್ ಬೆಂಗಳೂರಿನಲ್ಲಿ ಪಡುಕೋಣೆಯವರ ಅಕಾಡೆಮಿಯಲ್ಲೂ ಪಳಗಿದವರು. 2015ರಲ್ಲಿ ಮಲೇಷ್ಯಾದ ಟಾನ್ ಕಿಮ್ ಹರ್ ಭಾರತದ ಡಬಲ್ಸ್ ಕೋಚ್ ಆಗಿ ಬಂದರು. ಅಮಲಾಪುರದ ಸಾತ್ವಿಕ್ ಸಾಯಿರಾಜ್ ರಂಕಿರೆಡ್ಡಿ ಆಗ ಹದಿಹರೆಯದ ಹುಡುಗ. ಮುಂಬೈಯ ಚಿರಾಗ್ ಶೆಟ್ಟಿ ಮೂರು ವರ್ಷ ದೊಡ್ಡವರು. ಬೇರೆ ಬೇರೆ ಜೊತೆಗಾರರೊಂದಿಗೆ ಆಡುತ್ತಿದ್ದ ಈ ಇಬ್ಬರನ್ನು ಟಾನ್ ಒಂದುಗೂಡಿಸಿದರು.

ತೊಡಕು ಎಲ್ಲಿತ್ತು ಗೊತ್ತೇ? ಇಬ್ಬರೂ ಎತ್ತರದವರು, ಇಬ್ಬರೂ ಹಿಂದಿನಿಂದ ಹೊಡೆಯುವವರು. ನೆಟ್ ಕಾಯುವವರೇ ಇಲ್ಲ! ಈ ಜೋಡಿ ಹೊಂದುತ್ತದೆಂಬ ನಂಬಿಕೆ ಸ್ವತಃ ಆ ಹುಡುಗರಿಗೂ ಇರಲಿಲ್ಲ. ಇಬ್ಬರಿಗೂ ಹೊಂದುವ ಬೇರೆ ಜೊತೆಗಾರರನ್ನು ಹುಡುಕುವುದೇ ಸುಲಭವಾಗುತ್ತಿತ್ತು. ಟಾನ್ ಮಾತ್ರ ಅವರು ಕಲಿತದ್ದನ್ನಲ್ಲ, ಕಲಿಯಬಹುದಾದದ್ದನ್ನು ಲೆಕ್ಕಕ್ಕೆ ಹಿಡಿದರು. ಎತ್ತರವನ್ನು ಯಾವ ಕೋಚೂ ಕೊಡಲಾರರು. ನೆಟ್ ಬಳಿಯ ಆಟವನ್ನು ಕಲಿಸಬಹುದು. ಇದನ್ನು ನಾನು ಬಹಳ ದೊಡ್ಡ ತೀರ್ಮಾನವೆಂದೇ ಎಣಿಸುತ್ತೇನೆ.

ಫಲ ಒಮ್ಮೆಲೇ ಕೈಗೆ ಬರಲಿಲ್ಲ. 2018ರಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಬೆಳ್ಳಿ, 2019ರಲ್ಲಿ ಥಾಯ್ಲೆಂಡ್ ಓಪನ್. ಅಷ್ಟರಲ್ಲಿ ಟಾನ್ ಭಾರತ ಬಿಟ್ಟಾಗಿತ್ತು. ಮುಂದೆ ಡೆನ್ಮಾರ್ಕಿನ ಮಥಿಯಾಸ್ ಬೋ ಕೋಚ್ ಆದರು. ಜೋಡಿ ಒಡೆಯಲಿಲ್ಲ. 2023ರ ಅಕ್ಟೋಬರಿನಲ್ಲಿ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದು, ಅದೇ ತಿಂಗಳು ವಿಶ್ವದ ಒಂದನೇ ಸ್ಥಾನಕ್ಕೇರಿತು.

ಕೋಚ್‌ನ ತೀರ್ಮಾನ ಆಟದ ಜಾಗಕ್ಕಷ್ಟೇ ಸೀಮಿತವಲ್ಲ. ಇದೇ ಅಕಾಡೆಮಿಯಲ್ಲಿ ಪಿ.ವಿ. ಸಿಂಧು ಮೆದು ಸ್ವಭಾವದ ಹುಡುಗಿಯಾಗಿದ್ದರು. ಅಂಕಣದ ಮಧ್ಯೆ ನಿಂತು ಎಲ್ಲರೆದುರು ಜೋರಾಗಿ ಕೂಗುವವರೆಗೆ ರಾಕೆಟ್ ಮುಟ್ಟಬಾರದೆಂದು ಗೋಪಿಚಂದ್ ಪಟ್ಟು ಹಿಡಿದರು. ಸಿಂಧು ಅತ್ತರು, ಕೊನೆಗೆ ಕೂಗಿದರು. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದಾಗ ಆ ಕೂಗನ್ನು ಜಗತ್ತೇ ಕೇಳಿತು. ಎಲ್ಲ ಮಕ್ಕಳಿಗೂ ಈ ಮದ್ದು ಹಿಡಿಸುವುದಿಲ್ಲ. ಕೆಲವರು ಅಲ್ಲಿಗೇ ಆಟ ಬಿಟ್ಟಾರು. ಯಾರಿಗೆ ಹಿಡಿಸುತ್ತದೆ ಎಂದು ಗುರುತಿಸುವುದೂ ಕೋಚ್‌ನ ಹೊಣೆಯೇ.

ಇನ್ನು ಸಾತ್ವಿಕ್–ಚಿರಾಗ್ ಪಂದ್ಯ ನೋಡುವಾಗ ಒಂದು ಕೆಲಸ ಮಾಡಿ. ಸಾತ್ವಿಕ್ ಹಿಂದೆ ಜಿಗಿದ ಆ ಕ್ಷಣ ಅವರನ್ನು ಬಿಟ್ಟು ಚಿರಾಗ್‌ರನ್ನು ನೋಡಿ. ಮಂಡಿ ತುಸು ಬಾಗಿರುತ್ತದೆ, ರಾಕೆಟ್ ಮುಖದ ಮುಂದೆ ಎತ್ತಿರುತ್ತದೆ, ಕಾಲು ನೆಟ್‌ನತ್ತ ಚಲಿಸುತ್ತಿರುತ್ತದೆ.