ಗ್ರಾಮಫೋನ್ ಪ್ಲೇಟಿನ ಗೆರೆಯಲ್ಲಿ ತರಂಗದೂರ: 9ನೇ ತರಗತಿಯ ಒಂದು ಪಾಠ

‘ಶಬ್ದ’ ಘಟಕದಲ್ಲಿ ವೇಗ = ಆವೃತ್ತಿ × ತರಂಗದೂರ ಎಂಬುದನ್ನು ಮಕ್ಕಳು ಬೇಗ ಬಾಯಿಪಾಠ ಮಾಡುತ್ತಾರೆ. ವೇಗ ಬದಲಾದರೆ ಅದೇ ಸ್ವರದ ತರಂಗದೂರ ಏನಾಗುತ್ತದೆ ಎಂದರೆ ತರಗತಿ ಸುಮ್ಮನಾಗುತ್ತದೆ. ಹೊಳೆನರಸೀಪುರದ ಬೋಧನಾಭ್ಯಾಸದಲ್ಲಿ ಇದಕ್ಕೆ ಅಂಚು ಮುರಿದ, 10 ಅಂಗುಲದ ಹಳೆಯ ಗ್ರಾಮಫೋನ್ ಪ್ಲೇಟನ್ನು ಪಾಠೋಪಕರಣವಾಗಿ ಬಳಸಿದೆ.

ಪ್ಲೇಟು ಯಾವುದರಿಂದ ಆಗಿದೆ? ಪ್ಲಾಸ್ಟಿಕ್ ಎಂದೇ ಎಲ್ಲರ ಉತ್ತರ. ಅದು ಅರಗು ಮತ್ತು ಕಲ್ಲಿನ ಪುಡಿಯ ಮಿಶ್ರಣ. ಅರಗು ಒಂದು ಕೀಟದ ಸ್ರಾವ. ಚನ್ನಪಟ್ಟಣದ ಗೊಂಬೆಗಳ ಹೊಳಪೂ ಅದರದೇ. (ನಮ್ಮ ಚನ್ನರಾಯಪಟ್ಟಣವಲ್ಲ ಎಂದು ಹಾಸನದ ಮಕ್ಕಳಿಗೆ ಬಿಡಿಸಿ ಹೇಳಬೇಕು.) ಭೂತಗನ್ನಡಿಯಲ್ಲಿ ನೋಡಿದರೆ ಗೆರೆ ನೇರವಾಗಿಲ್ಲ, ಅಡ್ಡಡ್ಡ ಬಳುಕುತ್ತದೆ. ಆ ಬಳುಕೇ ಶಬ್ದ.

ಮೊದಮೊದಲು ಮೈಕ್ ಇರಲಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ದೊಡ್ಡ ಕಹಳೆಯೊಳಗೆ ಜೋರಾಗಿ ಹಾಡಬೇಕಾಯಿತು; ದನಿಯ ಬಲವೇ ಸೂಜಿಯನ್ನು ಅಲುಗಾಡಿಸಬೇಕು. (ಮೈಸೂರು ಅರಮನೆಯ ಆಶ್ರಯಕ್ಕೆ ಬಂದಿದ್ದ ಆಕೆ 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು.) 1923ರಲ್ಲಿ ಅಮೆರಿಕದಲ್ಲಿ ಕಿಂಗ್ ಆಲಿವರ್ ಅವರ ಜಾಜ್ ತಂಡ ಧ್ವನಿಮುದ್ರಣಕ್ಕೆ ನಿಂತಾಗ ತೊಂದರೆ ತಿರುವುಮುರುವು. ಲೂಯಿ ಆರ್ಮ್‌ಸ್ಟ್ರಾಂಗ್ ಊದುತ್ತಿದ್ದುದು ಟ್ರಂಪೆಟ್ಟಿನ ಸೋದರ ವಾದ್ಯವಾದ ಕಾರ್ನೆಟ್. ಅದರ ಸದ್ದು ಉಳಿದವರನ್ನು ಮುಚ್ಚಿಹಾಕುತ್ತದೆಂದು ಅವರನ್ನು ಕಹಳೆಯಿಂದ ದೂರ ನಿಲ್ಲಿಸಿದ್ದರೆಂದು ತಂಡದ ಪಿಯಾನೋ ವಾದಕಿ ಲಿಲ್ ಹಾರ್ಡಿನ್ ನೆನೆದಿದ್ದಾರೆ. ನಾಗಸ್ವರದ ಎದುರು ನಿಂತ ಮಕ್ಕಳಿಗೆ ಇದನ್ನು ವಿವರಿಸಬೇಕಿಲ್ಲ. ಕಂಪನ ವಿಸ್ತಾರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇನ್ನು ಲೆಕ್ಕ. ನಿಮಿಷಕ್ಕೆ 78 ಸುತ್ತು, ಅಂದರೆ ಸೆಕೆಂಡಿಗೆ 1.3. ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 1 ಮೀಟರ್ ಗೆರೆ ಸಾಗುತ್ತದೆ. ಒಳಗೆ, 10 ಸೆಂ.ಮೀ. ವ್ಯಾಸದಲ್ಲಿ, ಸುಮಾರು 41 ಸೆಂ.ಮೀ. ಮಾತ್ರ. 440 ಹರ್ಟ್ಸ್ ಸ್ವರದ ಒಂದು ಅಲೆ ಹೊರಗೆ 2.3 ಮಿ.ಮೀ., ಒಳಗೆ 0.9 ಮಿ.ಮೀ., ಗಾಳಿಯಲ್ಲಿ 78 ಸೆಂ.ಮೀ. ಸ್ವರ ಒಂದೇ, ಆವೃತ್ತಿ ಒಂದೇ.

ಕೊನೆಗೆ ಪೆನ್ಸಿಲ್ ಮೇಲೆ ಪ್ಲೇಟು ತಿರುಗಿಸಿ, ಗುಂಡುಪಿನ್ ಚುಚ್ಚಿದ ಕಾಗದದ ಶಂಕುವನ್ನು ಗೆರೆಗೆ ತಾಗಿಸಿದೆವು. ನಿಧಾನ ತಿರುಗಿಸಿದಾಗ ಹಾಡುಗಾರ್ತಿಯ ದನಿ ಗಂಡುದನಿಯಾಯಿತು. ಇಡೀ ತರಗತಿ ನಕ್ಕಿತು. ಗೆರೆಯಲ್ಲಿನ ತರಂಗದೂರ ಹಾಗೇ ಇದೆ, ವೇಗ ಇಳಿದಿದೆ, ಆವೃತ್ತಿಗೆ ಏನಾಯಿತು? ಮೌಲ್ಯಮಾಪನಕ್ಕೆ ಈ ಒಂದು ಪ್ರಶ್ನೆ ಸಾಕು. 40 ನಿಮಿಷದಲ್ಲಿ ಲೆಕ್ಕ, ಪ್ರಯೋಗ ಎರಡೂ ಮುಗಿಯುವುದಿಲ್ಲ, ಎರಡು ಅವಧಿ ಬೇಕು. ಗುಂಡುಪಿನ್ ಗೆರೆಯನ್ನು ಕೆರೆಯುವುದರಿಂದ ಮನೆಯಲ್ಲಿ ಜೋಪಾನ ಮಾಡಿದ ಪ್ಲೇಟುಗಳನ್ನು ಮಕ್ಕಳಿಂದ ತರಿಸಬಾರದು. ಒಡಕು ಪ್ಲೇಟು ಗುಜರಿಯಲ್ಲಿ ಸಿಕ್ಕರೆ ಅದೇ ಸರಿ.